ನೀಲಿ ಹೊಳೆಯ ಹೊಲ

ಆ ಬೆಳಿಗ್ಗೆ ಹೊಸ್ತಿಲ ಮೇಲಿನ ಬುಟ್ಟಿಯಲ್ಲಿ ಹನ್ನೊಂದು ಟೊಮ್ಯಾಟೊ ಇರಬೇಕಿತ್ತು. ಒಂಬತ್ತೇ ಇದ್ದವು. ಹಿಂದಿನ ಮಧ್ಯಾಹ್ನ ನಾನೇ ಒಂದೊಂದಾಗಿ ಕಿತ್ತು ಆಟದೊಳಗಿನ ಪೆಟ್ಟಿಗೆಗೆ ಹಾಕಿದ್ದೆ. ಅಮ್ಮ ಬುಟ್ಟಿಯನ್ನು ಅಲ್ಲಾಡಿಸಿ ನೋಡಿ, "ಬ್ಯಾಟ್ರಿ ಹೋಗ್ತಾ ಇದೆ" ಎಂದಳು. ಅವಳ ಧ್ವನಿಯಲ್ಲಿ ಗಾಬರಿಯಿರಲಿಲ್ಲ. ನನಗೆ ಮಾತ್ರ ಒಳಗೊಳಗೇ ಸಮಾಧಾನವಾಯಿತು. ಅದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ನಮ್ಮ ಊರಿನ ಮಣ್ಣಿನಲ್ಲಿ ಏನೂ ಬೆಳೆಯುವುದಿಲ್ಲ. ಅಕ್ಕಿ, ಬೇಳೆ, ಉಪ್ಪು ಲಾರಿಯಲ್ಲಿ ಬರುತ್ತವೆ. ತರಕಾರಿ ಹೊತ್ತ ಲಾರಿ ಮಾತ್ರ ಚೆಕ್‌ಪೋಸ್ಟ್ ದಾಟುವಷ್ಟರಲ್ಲೇ ಕೊಳೆತ ವಾಸನೆ ಬಿಡುತ್ತದೆ. ಹಾಗಾಗಿ ನಾವು ತಿನ್ನುವ ತರಕಾರಿ, ಹಾಲು, ಮೊಟ್ಟೆ ಎಲ್ಲ ಹಳೆಯ ವಿಡಿಯೊ ಗೇಮುಗಳ ಬೇಸಾಯದ ಕ್ಯಾಸೆಟ್‌ಗಳಿಂದ. ಮಧ್ಯಾಹ್ನ ಟೀವಿಯ ಮುಂದೆ ಕೂತು ಕಿತ್ತದ್ದು ಮಾರನೆಯ ಬೆಳಿಗ್ಗೆ ಬುಟ್ಟಿಯಲ್ಲಿರುತ್ತದೆ. ದಿನಕ್ಕೆ ಆಟದ ಒಂದೇ ದಿನ ಆಡಬೇಕು, ಆಸೆಪಟ್ಟು ಎರಡು ದಿನ ಆಡಿದರೆ ಬುಟ್ಟಿಯಲ್ಲಿ ಹುಳ. ಹೊಸ ಕಾಲದ ಆಟಗಳನ್ನು ತಂದು ನೋಡಿದವರಿದ್ದಾರೆ, ಅವುಗಳಿಂದ ಒಂದು ಸೊಪ್ಪಿನ ಎಲೆಯೂ ಬರಲಿಲ್ಲ. ಒಂದು ಮನೆಗೆ ಒಂದೇ ಕ್ಯಾಸೆಟ್, ಒಂದು ಕ್ಯಾಸೆಟ್‌ಗೆ ಒಂದೇ ಹೊಲ, ಕ್ಯಾಸೆಟ್ ಒಳಗಿನ ಬ್ಯಾಟರಿ ಸತ್ತರೆ ಆ ಹೊಲವೂ ಹೋಗುತ್ತದೆ. ಹೊಲ ಶುರು ಮಾಡುವಾಗ ಯಾರ ಹೆಸರು ಬರೆದಿದೆಯೋ ಅವರ ಕೈಗೆ ಮಾತ್ರ ಅದು ಕೊಡುತ್ತದೆ, ಅದೂ ಅವರು ಆ ರಾತ್ರಿ ಆ ಮನೆಯಲ್ಲೇ ಮಲಗಿದ್ದರೆ. ನಮ್ಮ ಹೊಲ ನನ್ನ ಹೆಸರಿನಲ್ಲಿತ್ತು. ನನ್ನ ಹೆಸರು ವಸುಂಧರ. ಆಟದಲ್ಲಿ ಅಷ್ಟುದ್ದದ ಹೆಸರು ಹಿಡಿಯುವುದಿಲ್ಲ, ಅಲ್ಲಿ ನಾನು ವಸು, ಟೋಪಿ ಹಾಕಿಕೊಂಡ ಗಂಡು ಹುಡುಗ.

ಒಂಬತ್ತು ವರ್ಷ ಆ ಹುಡುಗನಿಗೆ ನೀರಿನ ಕ್ಯಾನು ಹಿಡಿಸಿದ್ದೇನೆ. ಒಂದು ಚೌಕಕ್ಕೆ ಒಂದು ಸಲ ಗುಂಡಿ ಒತ್ತಬೇಕು, ಇಪ್ಪತ್ತು ಚೌಕ ಆದಮೇಲೆ ಹೊಳೆಗೆ ಹೋಗಿ ಕ್ಯಾನು ತುಂಬಬೇಕು. ಸಂಜೆ ಆರಕ್ಕೆ ಆಟದೊಳಗಿನ ಗಡಿಯಾರ ನಿಂತುಬಿಡುತ್ತದೆ, ಆಮೇಲೆ ಎಷ್ಟು ದುಡಿದರೂ ಕತ್ತಲಾಗುವುದಿಲ್ಲ. ಆಟ ಮಾಡಿದವನು ಇದನ್ನು ಉಪಕಾರವೆಂದುಕೊಂಡಿರಬೇಕು. ನಾಲ್ಕು ಜನರ ಹೊಟ್ಟೆಗಾಗುವಷ್ಟು ಹೊಲಕ್ಕೆ ದಿನವೂ ಮೂರು ಗಂಟೆ ಬೇಕಿತ್ತು. ಜ್ವರವಿರಲಿ, ಪರೀಕ್ಷೆಯಿರಲಿ, ಸಾವಿರಲಿ. ಅಪ್ಪ ಸತ್ತ ದಿನವೂ ನಾನು ಜೋಳಕ್ಕೆ ನೀರು ಹಾಕಿದ್ದೇನೆ.

ನನಗಿಂತ ಮುಂಚೆ ಹೊಲ ಅಮ್ಮನ ಹೆಸರಿನಲ್ಲಿತ್ತು, ಹದಿನಾಲ್ಕು ವರ್ಷ. ಅವಳ ಎರಡೂ ಹೆಬ್ಬೆರಳು ಊದಿಕೊಂಡು ಮಡಚಲಾಗದೆ ಹೋದಾಗ ನಾನು ಹೊರಗಿನ ಊರಿನ ಹಾಸ್ಟೆಲಿನಲ್ಲಿ ಪಿಯುಸಿ ಓದುತ್ತಿದ್ದೆ. ಕಾಗದ ಬಂತು, ಬಂದೆ. ಅಣ್ಣ ಮಾದುಗೆ ಆಗ ಇಪ್ಪತ್ತು ವರ್ಷ, ಎರಡೂ ಹೆಬ್ಬೆರಳು ನೆಟ್ಟಗಿದ್ದವು. ಆದರೆ ಗಂಡಸರ ಕೈಗೆ ಹೊಲ ಒಗ್ಗುವುದಿಲ್ಲ ಎಂದು ಊರಿನಲ್ಲಿ ಒಂದು ಮಾತಿದೆ. ಅದನ್ನು ಯಾರೂ ಪರೀಕ್ಷೆ ಮಾಡಿ ನೋಡಿರಲಿಲ್ಲ.

ಟೊಮ್ಯಾಟೊ ಕಮ್ಮಿಯಾದ ವಾರದಲ್ಲೇ ಹಾಸ್ಟೆಲಿನ ವಾರ್ಡನ್ ಅವರಿಂದ ನನಗೆ ಕಾಗದ ಬಂದಿತ್ತು. ಅಲ್ಲಿನ ಲೈಬ್ರರಿಗೆ ಒಬ್ಬ ಸಹಾಯಕಿ ಬೇಕು, ಉಳಿಯಲು ರೂಮು ಕೊಡುತ್ತೇವೆ, ಒಂದನೇ ತಾರೀಖಿಗೆ ಬಂದು ಸೇರಬೇಕು, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು. ಅದು ದೊಡ್ಡ ಲೈಬ್ರರಿಯೇನಲ್ಲ. ಎರಡು ಕಬ್ಬಿಣದ ಬೀರು, ಒಂದು ಉದ್ದದ ಮೇಜು, ಬೆನ್ನು ಕಿತ್ತುಹೋದ ಪುಸ್ತಕಗಳು. ಒಂದೂವರೆ ವರ್ಷದಲ್ಲಿ ನಾನು ಒಂದು ಬೀರುವನ್ನು ಮುಗಿಸಿದ್ದೆ. ಇನ್ನೊಂದು ಹಾಗೇ ಉಳಿದಿತ್ತು.

ಊಟದ ಹೊತ್ತಿನಲ್ಲಿ ವಿಷಯ ತೆಗೆದೆ. "ಬ್ಯಾಟ್ರಿ ಹೇಗೂ ಹೋಗ್ತಾ ಇದೆ ಅಣ್ಣ. ಈ ಹೊಲ ಹೋಗ್ಲಿ. ಹೊಸದನ್ನ ನಿನ್ನ ಹೆಸ್ರಲ್ಲಿ ಶುರು ಮಾಡು."

ಮಾದು ತಟ್ಟೆಯಿಂದ ತಲೆ ಎತ್ತದೆ ಪಕ್ಕದಲ್ಲಿದ್ದ ಬಸುರಿ ಹೆಂಡತಿಯ ಕಡೆ ಕೈ ತೋರಿಸಿದ. "ಇವ್ಳಿಗೆ ಏಳು ತಿಂಗ್ಳು. ಈಗ ಹೊಸ ಹೊಲ ಹಾಕಿ ಬಿಳಿಗೆಡ್ಡೆ ತಿನ್ನಿಸ್ಬೇಕಾ? ಮೊದ್ಲು ಬ್ಯಾಟ್ರಿ ಹಾಕಿಸ್ಕೊಂಡು ಬಾ. ಕೆಲ್ಸದ ಮಾತು ಹೆರಿಗೆ ಆದ್ಮೇಲೆ ನೋಡೋಣ."

ಬಿಳಿಗೆಡ್ಡೆ ಎಂದರೆ ಟರ್ನಿಪ್. ಯಾವ ಕ್ಯಾಸೆಟ್ ತೆಗೆದುಕೊಂಡರೂ ಹೊಸ ಹೊಲ ಶುರುವಾಗುವುದು ಹೂವಿನ ಕಾಲದಲ್ಲಿ, ಹೂವಿನ ಕಾಲದಲ್ಲಿ ಮೊದಲು ಬರುವುದು ಅದೇ. ಆಟ ಮಾಡಿದ ದೇಶದವರಿಗೆ ಅದು ಅಷ್ಟು ಇಷ್ಟವೋ ಏನೋ. ನಮ್ಮ ಊರಿನವರು ಅದರಲ್ಲಿ ಹುಳಿ, ಪಲ್ಯ, ಗೊಜ್ಜು, ಕೊನೆಗೆ ಹೋಳಿಗೆಯ ಹೂರಣವನ್ನೂ ಮಾಡಿ ನೋಡಿದ್ದಾರೆ. ಕೊತ್ತಂಬರಿ ಸೊಪ್ಪು, ನುಗ್ಗೆ, ಕರಿಬೇವು ಯಾವ ಕ್ಯಾಸೆಟ್‌ನಲ್ಲೂ ಇಲ್ಲ. ನಮ್ಮದು ನೀಲಿ ಹೊಳೆ ಕ್ಯಾಸೆಟ್. ಅದರಲ್ಲಿ ಎಲೆ ಉದುರುವ ಕಾಲಕ್ಕೆ ಬದನೆಕಾಯಿ ಬರುತ್ತದೆ. ನಮ್ಮ ಹೊಲದಲ್ಲಿ ಆಗ ಬೇಸಿಗೆಯ ಕೊನೆಯ ವಾರ, ಬದನೆಗೆ ಇನ್ನು ಹೆಚ್ಚೆಂದರೆ ಇಪ್ಪತ್ತು ದಿನ. ಅತ್ತಿಗೆ ರೇಣುಕ ಬಸುರಿಯಾದ ದಿನದಿಂದ ಎಣ್ಣೆಗಾಯಿಯ ಜಪ ಮಾಡುತ್ತಿದ್ದಳು.

ಅವಳ ತವರಿನಲ್ಲಿ ಕೆಂಪು ಕೊಟ್ಟಿಗೆ ಕ್ಯಾಸೆಟ್. ಮದುವೆ ಮಾತುಕತೆಯಲ್ಲಿ ಎರಡೂ ಕಡೆಯವರು ಜಾತಕಕ್ಕಿಂತ ಹೆಚ್ಚು ಹೊತ್ತು ಕ್ಯಾಸೆಟ್‌ಗಳ ಬಗ್ಗೆಯೇ ಮಾತಾಡಿದ್ದರು. ಕೆಂಪು ಕೊಟ್ಟಿಗೆಯಲ್ಲಿ ಈರುಳ್ಳಿ, ಕೋಸು, ಮೊಟ್ಟೆ ಧಾರಾಳ, ಹಾಲು ಗಟ್ಟಿ. ಆದರೆ ಹಸುವನ್ನು ದಿನವೂ ಬ್ರಷ್ಷಿನಲ್ಲಿ ಉಜ್ಜದಿದ್ದರೆ ಅದು ಮುನಿಸಿಕೊಂಡು ಮೂರು ದಿನ ಹಾಲು ಕೊಡುವುದಿಲ್ಲ. ನೀಲಿ ಹೊಳೆಯಲ್ಲಿ ಹಸು ಮುನಿಯುವುದಿಲ್ಲ, ಬಿರುಗಾಳಿ ಬರುತ್ತದೆ, ಒಂದು ದಿನದಲ್ಲಿ ಅರ್ಧ ಹೊಲ ಕಲ್ಲುಮುಳ್ಳು. "ನಮ್ಮನೇಲಿ ಹಸು ಆದ್ರೂ ಮನ್ಷರ ಥರ ಕೋಪ ಮಾಡ್ಕೊಳತ್ತೆ. ನಿಮ್ದರಲ್ಲಿ ಹೇಳ್ದೆ ಕೇಳ್ದೆ ಗಾಳಿ" ಎಂದು ರೇಣುಕ ಬಂದ ಹೊಸತರಲ್ಲಿ ಅಮ್ಮನನ್ನು ಕೆಣಕುತ್ತಿದ್ದಳು. "ಅದಕ್ಕೇ ಬದ್ನೇಕಾಯಿ ಮನೇಗೆ ಬಂದಿದೀಯ, ಮುಚ್ಕೊಂಡು ತಿನ್ನು" ಎನ್ನುತ್ತಿದ್ದಳು ಅಮ್ಮ. ಇಬ್ಬರೂ ನಗುತ್ತಿದ್ದರು. ಮನೆಯಲ್ಲಿ ನಗು ಕೇಳಿಸುತ್ತಿದ್ದ ಹೊತ್ತಿನಲ್ಲಿ ನಾನು ಸಾಮಾನ್ಯವಾಗಿ ಟೀವಿಯ ಮುಂದೆ ಇರುತ್ತಿದ್ದೆ.

ಮಾರನೆಯ ದಿನ ಬೆಳಿಗ್ಗೆ ಕ್ಯಾಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ವೀರಾಚಾರ್ ಅಂಗಡಿಗೆ ಹೋದೆ. ವೀರಾಚಾರ್ ಅಕ್ಕಸಾಲಿಗರು. ಊರಿನಲ್ಲಿ ಬಂಗಾರಕ್ಕಿಂತ ಕ್ಯಾಸೆಟ್ ಬೆಸುಗೆಗೇ ಬೇಡಿಕೆ ಎಂದು ಗೊತ್ತಾದ ಮೇಲೆ ಚಿಮಟ, ಬೆಸುಗೆ ಸಲಾಕೆಗಳನ್ನು ಅದಕ್ಕೆ ತಿರುಗಿಸಿದ್ದರು. ಅಂಗಡಿಯ ಮೂರು ಗೋಡೆಗೂ ಕಪಾಟು, ಕಪಾಟಿನ ತುಂಬ ಹಳೆಯ ಕ್ಯಾಸೆಟ್‌ಗಳು. ಒಟ್ಟು ಇನ್ನೂರ ಹನ್ನೆರಡು. ಅದರಲ್ಲಿ ಬೇಸಾಯದ್ದು ಒಂಬತ್ತೇ. ಉಳಿದದ್ದೆಲ್ಲ ಕಾರು ಓಡಿಸುವುದು, ಗುದ್ದಾಡುವುದು, ಇಟ್ಟಿಗೆ ಜೋಡಿಸುವುದು. ಅವರು ಅವನ್ನು ಗುಜರಿಯವರಿಂದ, ಸಂತೆಗಳಿಂದ, ಮುಚ್ಚಿಹೋದ ಅಂಗಡಿಗಳಿಂದ ನಲವತ್ತು ವರ್ಷದಿಂದ ಕೂಡಿಹಾಕಿದ್ದರು. ನಾನು ಹೋದಾಗ ಕಾರು ಓಡಿಸುತ್ತಿದ್ದರು. ಕಾರು ತಿರುವಿನಲ್ಲಿ ಪಲ್ಟಿ ಹೊಡೆಯಿತು.

"ಇದರಿಂದ ಏನ್ ಬರತ್ತೆ ಆಚಾರ್ರೇ?" ಎಂದೆ.

"ಏನೂ ಬರಲ್ಲ ತಾಯಿ. ಅದಕ್ಕೇ ಆಡೋದು."

ಊರಿನಲ್ಲಿ ಖುಷಿಗೆ ಆಡುತ್ತಿದ್ದ ಮನುಷ್ಯ ಅವರೊಬ್ಬರೇ. ಅವರ ಮನೆಯ ಹೊಲ ಸೊಸೆಯ ಹೆಸರಿನಲ್ಲಿತ್ತು. ಇದನ್ನೂ ಹೇಳಬೇಕು.

ಕ್ಯಾಸೆಟ್ ತೆಗೆದು ಕೊಟ್ಟೆ. ಅವರು ಅದರ ಬೆನ್ನು ಸವರಿ, ನೆಂಟರ ಮಗುವನ್ನು ನೋಡುವಂತೆ ನೋಡಿದರು. "ಒಳ್ಳೇ ಕ್ಯಾಸೆಟ್ಟು. ಒಂಬತ್ತರಲ್ಲಿ ನನ್ನ ಕೇಳಿದ್ರೆ ಮೊದ್ಲು ಗಾಳಿಯಂತ್ರ, ಆಮೇಲೆ ಇದೇ. ಗಾಳಿಯಂತ್ರದಲ್ಲಿ ಹೊಲಕ್ಕೆ ಅವ್ಸರ ಇಲ್ಲ. ಹಾಡು ಚೆನ್ನಾಗಿದೆ. ನಿನಗೆ ಯಾವುದು?"

ಒಂಬತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಯೋಚಿಸಿ ಹೇಳಿದೆ. "ಪಕ್ಕದ್ಮನೆಯವ್ರ ಹತ್ರ ಹಿಮದ ಕಣಿವೆ ಇದೆಯಲ್ಲ, ಅದು. ಅದರಲ್ಲಿ ವರ್ಷಕ್ಕೆ ಆರು ತಿಂಗ್ಳು ಹಿಮ. ಏನೂ ಬೆಳೆಯಲ್ಲ, ನೀರು ಹಾಕೋಹಾಗಿಲ್ಲ. ಅವ್ರ ಮಗಳು ಆರು ತಿಂಗ್ಳು ಟೀವಿ ಹಚ್ಚಿ, ಹುಡುಗನ್ನ ಮಲಗ್ಸಿ, ಎದ್ದೋಗ್ತಾಳೆ."

"ಆರು ತಿಂಗ್ಳು ಅವ್ರು ಊರೆಲ್ಲ ಬುಟ್ಟಿ ಹಿಡ್ಕೊಂಡು ತಿರುಗ್ತಾರೆ."

"ತಿರುಗ್ಲಿ. ನಾವೂ ಕೊಡ್ತೀವಲ್ಲ."

ಕೊಡುವುದು ನಮ್ಮಲ್ಲಿ ರೂಢಿ. ಹೊಲಗಳು ಒಂದೇ ದಿನ ಶುರುವಾದವಲ್ಲ, ಹಾಗಾಗಿ ಒಂದು ಮನೆಯಲ್ಲಿ ಹಿಮ ಬಿದ್ದಾಗ ಎದುರು ಮನೆಯಲ್ಲಿ ಟೊಮ್ಯಾಟೊ. ಹಿಮದ ಮನೆಗೆ ಬಿಸಿಲಿನ ಮನೆಯವರು ಒಂದು ಸೌಟು ಪಲ್ಯ ಕಳಿಸುತ್ತಾರೆ. ಬ್ಯಾಟರಿ ಸತ್ತು ಹೊಲ ಹೋದವರ ಮನೆಗೂ ಕಳಿಸುತ್ತಾರೆ.

ಆಚಾರ್ರು ನಾಲ್ಕು ತಿರುಪು ಬಿಚ್ಚಿ ಕ್ಯಾಸೆಟ್ ತೆರೆದರು. ಒಳಗೆ ಹಸಿರು ಹಲಗೆಯ ಮೇಲೆ ಬಿಲ್ಲೆಯಂತಹ ಒಂದು ಬ್ಯಾಟರಿ. ಹೊಲ ಇರುವುದು ಅದರ ಜೀವದಲ್ಲಿ. ಅದನ್ನು ಕಿತ್ತ ಕ್ಷಣ ಹೊಲವೂ ಹೋಗುತ್ತದೆ, ಆದ್ದರಿಂದ ಕೀಳುವ ಮೊದಲು ಹೊರಗಿನಿಂದ ಇನ್ನೊಂದು ಬ್ಯಾಟರಿಯ ಎರಡು ತಂತಿಗಳನ್ನು ಹಲಗೆಗೆ ತಾಗಿಸಿ ಹಿಡಿಯಬೇಕು. ಹಳೆಯದನ್ನು ಬಿಡಿಸಿ ಹೊಸದನ್ನು ಬೆಸೆಯುವ ತನಕ, ಸುಮಾರು ಹತ್ತು ನಿಮಿಷ, ಹೊಲವನ್ನು ಉಳಿಸುವುದು ಆ ತಂತಿ. ಅದನ್ನು ಆಚಾರ್ರು ಹಿಡಿಯುವುದಿಲ್ಲ. ಹೊಲ ಯಾರ ಹೆಸರಿನಲ್ಲಿದೆಯೋ ಅವರೇ ಹಿಡಿಯಬೇಕು. ಹಿಂದೆ ಯಾರದೋ ಇಪ್ಪತ್ತು ವರ್ಷದ ಹೊಲ ಹೋಗಿ, ಆಚಾರ್ರ ಅಂಗಡಿಗೆ ಕಲ್ಲು ಬಿದ್ದಿತ್ತಂತೆ. ಅಂದಿನಿಂದ ಈ ಪದ್ಧತಿ. ಕೈ ನಡುಗುವ ಮುದುಕಿಯರೂ ತಾವೇ ಬಂದು ಉಸಿರು ಬಿಗಿಹಿಡಿದು ಹಿಡಿಯುತ್ತಾರೆ.

ನನ್ನ ಎರಡು ತೋರುಬೆರಳುಗಳನ್ನು ತಂತಿಯ ತುದಿಗಳ ಮೇಲೆ ಇಟ್ಟು ಒತ್ತಿಸಿ, "ಅಲ್ಲಾಡಿಸ್ಬೇಡ. ಸೀನು ಬಂದ್ರೂ ಒಳಗೇ ನುಂಗು" ಎಂದರು. ಸಲಾಕೆ ಕಾಯುತ್ತಿತ್ತು. ರಾಳದ ಹೊಗೆ ಎದ್ದಿತು. ಅವರು ಹಳೆಯ ಬಿಲ್ಲೆಯನ್ನು ಚಿಮಟದಲ್ಲಿ ಎತ್ತಿ ಪಕ್ಕಕ್ಕೆ ಹಾಕಿದರು. ಈಗ ನಾಲ್ಕು ತಿಂಗಳಿಗೊಂದರಂತೆ ಇಪ್ಪತ್ತೇಳು ಆಟದ ವರ್ಷಗಳ ಹೊಲ, ಅದರ ಬೇಲಿ, ನಾಲ್ಕು ಹಸು, ಇನ್ನು ಕೆಲವೇ ದಿನಗಳಲ್ಲಿ ಬದನೆ ನೆಡಬೇಕಿದ್ದ ಜಾಗ, ಎಲ್ಲವೂ ನನ್ನ ಬೆರಳುಗಳ ಕೆಳಗಿತ್ತು. ನಾನು ನಿಜವಾಗಿಯೂ ಹಿಡಿದೇ ಇದ್ದೆ. ಮನೆಯಿಂದ ಹೊರಡುವಾಗ ಬಿಡಬೇಕೆಂದು ಹೊರಟವಳಲ್ಲ.

ಆಚಾರ್ರು ಹೊಸ ಬ್ಯಾಟರಿಯನ್ನು ಬೆಳಕಿಗೆ ಹಿಡಿದು ನೋಡಿ ಸಂತೋಷದಿಂದ ಹೇಳಿದರು. "ಒಳ್ಳೇ ಮಾಲು ತಾಯಿ. ಹದಿನೈದು ವರ್ಷ ಬರತ್ತೆ. ನೀನು ಮತ್ತೆ ಇಲ್ಲಿಗೆ ಬರೋ ಹೊತ್ತಿಗೆ ನಾನಿರಲ್ಲ."

ನನಗೆ ಇಪ್ಪತ್ತೈದು. ಕೂಡಿಸಲು ಕಷ್ಟದ ಲೆಕ್ಕವೇನಲ್ಲ. ಬಲಗೈ ಬೆರಳನ್ನು ಎತ್ತಿದೆ.

ಸದ್ದಾಗಲಿಲ್ಲ, ಕಿಡಿಯೂ ಹಾರಲಿಲ್ಲ. ಆಚಾರ್ರು ನನ್ನ ಬೆರಳನ್ನು ನೋಡಿದರು, ಆಮೇಲೆ ನನ್ನ ಮುಖವನ್ನು. ಸಲಾಕೆಯನ್ನು ಸ್ಟ್ಯಾಂಡಿಗೆ ಇಟ್ಟು ಒರೆಸುವ ಬಟ್ಟೆಯಲ್ಲಿ ಕೈ ಒರೆಸಿಕೊಂಡರು. "ಬೆರಳು ಬೆವತಿತ್ತು, ಜಾರ್ತು ಅಂತ ಹೇಳ್ತೀನಿ ಬಿಡು. ನಿಮ್ಮಣ್ಣ ಕೇಳಿದ್ರೆ" ಎಂದರು.

"ಬೇಡ. ಬಿಟ್ಟಳು ಅಂತ ಹೇಳಿ."

"ಯಾಕೆ? ಜಾರ್ತು ಅಂದ್ರೆ ಊರೋರು ಪಲ್ಯ ಕಳಿಸ್ತಾರೆ. ಬಿಟ್ಟಳು ಅಂದ್ರೆ ಕಳಿಸಲ್ಲ."

"ಜಾರ್ತು ಅಂದ್ರೆ ಹೊಸ ಹೊಲಾನೂ ನನ್ನ ಹೆಸ್ರಿಗೇ ಹಾಕ್ತಾರೆ ಆಚಾರ್ರೇ."

ಅವರು ತಲೆಯಾಡಿಸಿ ಹೊಸ ಬ್ಯಾಟರಿ ಬೆಸೆದು ಕೊಟ್ಟರು.

ಮನೆಗೆ ಬಂದು ಕ್ಯಾಸೆಟ್ಟನ್ನು ಟೀವಿಯ ಮುಂದೆ ಇಟ್ಟೆ. ಆ ದಿನ ಮಾದುಗೆ ರಜೆ. ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಕೆಲಸ ಅವನದು, ವಾರಕ್ಕೊಂದು ದಿನ ಚಾಪೆ ಬಿಟ್ಟು ಏಳುವುದಿಲ್ಲ. "ಆಯ್ತಾ?" ಎಂದ. "ಬ್ಯಾಟ್ರಿ ಹಾಕಿದಾರೆ. ಹೊಲ ಇಲ್ಲ. ನಾನೇ ಬಿಟ್ಟೆ" ಎಂದೆ.

ಅವನಿಗೆ ಮೊದಲು ಅರ್ಥವಾಗಲಿಲ್ಲ. ಕ್ಯಾಸೆಟ್ ಹಾಕಿ ಟೀವಿ ಹಚ್ಚಿದ. ಹೊಳೆಯ ಚಿತ್ರ ಬಂತು, ಹಾಡು ಬಂತು, ಆಮೇಲೆ ಹೆಸರು ಬರೆಯುವ ಖಾಲಿ ಪಟ್ಟಿ. ಅವನು ಅದನ್ನೇ ನೋಡುತ್ತ ಕೂತ. "ಒಂಬತ್ತು ವರ್ಷದ್ದು ಕಣೇ" ಎಂದ. "ಒಂದ್ ಮಾತು ಕೇಳೋದಲ್ವಾ?"

"ನಿನ್ನೆ ಕೇಳ್ದೆನಲ್ಲ."

"ಅದು ಕೇಳೋದಾ? ಊಟ ಮಾಡ್ತಾ ಮಾಡ್ತಾ ಹೇಳಿದ್ದು." ಅವನ ದನಿ ಏರಿತು. "ಇವ್ಳ ಹೊಟ್ಟೆ ನೋಡಿ ಆದ್ರೂ ಬೆರಳು ಗಟ್ಟಿ ಇರ್ಬಾರ್ದಾಗಿತ್ತಾ? ಹಾಸ್ಟೆಲಲ್ಲಿ ಯಾರ್ದೋ ಪುಸ್ತಕಕ್ಕೆ ಅಂಟು ಹಚ್ಚೋಕೆ ನಮ್ಮನ್ನೆಲ್ಲ ಉಪ್ವಾಸ ಕೆಡವಿದ್ಯಲ್ಲ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ನನ್ನ ಪರವಾಗಿ ಏನಾದರೂ ಹೇಳುತ್ತಾಳೆಂದು ನಾನು ಕಾಯಲಿಲ್ಲ, ಅವಳು ಹೇಳಲೂ ಇಲ್ಲ. ಅವಳು ಹೇಳಿದ್ದು ಬೇರೆಯೇ. "ಆದದ್ದು ಆಯ್ತು. ರೇಣುಕನ ಹೆಸ್ರು ಬರೀರಿ. ಅವ್ಳಿಗೆ ಕೈ ಚುರುಕು. ಹೆರಿಗೆ ಆದ್ರೂ ಕೂತ್ಕೊಂಡು ಮಾಡೋ ಕೆಲ್ಸ ತಾನೆ."

ಇದನ್ನು ನಾನು ಯೋಚಿಸಿರಲಿಲ್ಲ. ದಾರಿಯುದ್ದಕ್ಕೂ ಮಾದುವಿನ ಕೈಯಲ್ಲಿ ಆಟದ ಗುಂಡಿಗಳ ಕಂಟ್ರೋಲ್ ಇರುವುದನ್ನೇ ಕಲ್ಪಿಸಿಕೊಂಡು ಬಂದಿದ್ದೆ. ನನ್ನ ಒಂಬತ್ತು ವರ್ಷವನ್ನು ಕೆಳಗಿಳಿಸಿದರೆ ಅದು ಪಕ್ಕದಲ್ಲಿರುವ ಹೆಂಗಸಿನ ತೊಡೆಯ ಮೇಲೆ ಹೋಗಿ ಕೂರುತ್ತದೆ ಎಂಬುದು ಅಷ್ಟು ಪುಸ್ತಕ ಓದಿದವಳಿಗೆ ಹೊಳೆದಿರಲಿಲ್ಲ. ಮಾದುವಿನ ಮುಖದಲ್ಲಿ ಆಗಲೇ ನಿರಾಳ ಕಾಣಿಸಿತು. ಕಂಟ್ರೋಲ್ ಅನ್ನು ಹೆಂಡತಿಯ ಕಡೆ ಚಾಚಿದ.

ರೇಣುಕ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಕೈ ಮುಂದೆ ಮಾಡಲಿಲ್ಲ. "ನಾನು ಮುಟ್ಟಲ್ಲ" ಎಂದಳು.

"ಅಂದ್ರೆ?"

"ಅಂದ್ರೆ ಮುಟ್ಟಲ್ಲ. ನಮ್ಮಪ್ಪನ ಮನೇಲಿ ಹನ್ನೊಂದು ವರ್ಷ ಆ ಹಸು ಉಜ್ಜಿದೀನಿ. ಈ ಮನೇಲಿ ಬೇರೆಯವ್ರ ಹೆಸ್ರಲ್ಲಿ ಹೊಲ ಇದೆ ಅಂತಾನೇ ಒಪ್ಕೊಂಡು ಬಂದದ್ದು. ನಿಮ್ಮ ಮುಖ ನೋಡಿ ಅಲ್ಲ."

ಅಮ್ಮ, "ಹಂಗಂದ್ರೆ ಆಗತ್ತೇನೇ, ತಿನ್ನೋದು ಏನು?" ಎಂದಳು.

"ನಿಮ್ಮ ಮಗನಿಗೆ ಕೈ ಇಲ್ವಾ ಅತ್ತೆ?"

"ಗಂಡಸರ ಕೈಗೆ ಒಗ್ಗಲ್ಲ" ಎಂದ ಮಾದು. ಅವನು ತಮಾಷೆ ಮಾಡುತ್ತಿರಲಿಲ್ಲ, ಅವನಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ರೇಣುಕ ನನ್ನ ಕಡೆ ತಿರುಗಿದಳು. ಸಿಟ್ಟಿನಲ್ಲಿ ಅವಳ ಮೂಗಿನ ತುದಿ ಕೆಂಪಾಗಿತ್ತು. "ನೀನು ಬಿಟ್ಟಿದ್ದಕ್ಕೆ ನಾನು ನಿನಗೆ ಒಳ್ಳೇದಾಗ್ಲಿ ಅನ್ನಲ್ಲ ವಸು. ಇಪ್ಪತ್ತು ದಿನ ತಡ್ಕೊಂಡು ಬಿಡ್ಬೋದಾಗಿತ್ತು. ಆದ್ರೆ ಬಿಟ್ಟೋಳು ನೀನು, ಪೂರ್ತಿ ಮಾಡು. ಬರಿ."

ನಾನು ಮಾದುವಿನ ಕೈಯಿಂದ ಕಂಟ್ರೋಲ್ ತೆಗೆದುಕೊಂಡೆ. ಅವನು ಬಿಗಿಯಾಗಿ ಹಿಡಿದಿರಲಿಲ್ಲ. ಅವನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಆರಿಸಿ ಒತ್ತಿದೆ. "ಬೇಡ ಕಣೇ" ಎಂದ ಒಮ್ಮೆ. ಒಪ್ಪಿಗೆಯ ಗುಂಡಿ ಒತ್ತಿ ಕಂಟ್ರೋಲ್ ಅನ್ನು ಅವನ ತೊಡೆಯ ಮೇಲೆ ಇಟ್ಟೆ. ಟೀವಿಯಲ್ಲಿ ಕಲ್ಲುಮುಳ್ಳು ತುಂಬಿದ ಹೊಲದ ನಡುವೆ ಟೋಪಿಯ ಹುಡುಗ ನಿಂತಿದ್ದ.

"ಈಗೇನು?" ಎಂದ ಮಾದು.

"ಎಡಗಡೆಯಿಂದ ಕಲ್ಲು ತೆಗಿ. ಬೀಜ ಒಂಬತ್ತು ಚೌಕಕ್ಕೆ ಬರತ್ತೆ. ನಡುವಿನ ಚೌಕದ ಮೇಲೆ ನಿಂತ್ಕೊಂಡು ಹಾಕು."

ಅವನು ಆ ಮಧ್ಯಾಹ್ನ ಐದು ಗಂಟೆ ಹೊತ್ತು ಕೂತ. ಕಲ್ಲಿನ ಬದಲು ಬೇಲಿಗೆ ಸುತ್ತಿಗೆ ಹೊಡೆದ. ಕ್ಯಾನು ತುಂಬಿಸಲು ಹೊಳೆಗೆ ಹೋಗಿ ನೀರಿಗೆ ಬಿದ್ದ. ಇದ್ದ ಒಂದು ಚೀಲ ಬೀಜದಲ್ಲಿ ಅರ್ಧವನ್ನು ಉಳದ ನೆಲಕ್ಕೆ ಎರಚಿದ. ನಾನು ಪಕ್ಕದಲ್ಲಿ ಕೂತು ಕೇಳಿದ್ದಕ್ಕೆ ಮಾತ್ರ ಹೇಳಿದೆ. ಅಮ್ಮ ತನ್ನ ಊದಿದ ಹೆಬ್ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿಂದಿನಿಂದ ನೋಡುತ್ತಿದ್ದಳು. ತಪ್ಪು ಮಾಡಿದಾಗಲೆಲ್ಲ ಅವಳ ಬಾಯಿಂದ 'ಚ್' ಎಂದು ಬರುತ್ತಿತ್ತು. ಮೂರನೆಯ ದಿನದ ಹೊತ್ತಿಗೆ ಅವಳೇ ಮುಂದೆ ಬಂದು ಕೂತು, "ಮಳೆ ಬರೋ ದಿನ ನೀರು ಹಾಕ್ತಾರೇನೋ, ಕತ್ತೆ" ಎಂದು ಬಯ್ಯತೊಡಗಿದಳು. ನಾನು ಎದ್ದು ಹೋದೆ.

ಆ ನಾಲ್ಕು ದಿನ ಬೇಳೆಕಟ್ಟು, ಉಪ್ಪಿನಕಾಯಿ. ಬೇಕೆಂದೇ ಹೊಲ ಬಿಟ್ಟ ಮನೆಗೆ ಯಾರೂ ಪಲ್ಯ ಕಳಿಸಲಿಲ್ಲ. ಪಕ್ಕದ ಹಿಮದ ಕಣಿವೆಯವರು, ನಮ್ಮ ಟೊಮ್ಯಾಟೊ ತಿಂದು ಎಷ್ಟೋ ಚಳಿಗಾಲ ಕಳೆದವರು, ನನ್ನನ್ನು ಕಂಡು ಬಾಗಿಲು ಹಾಕಿಕೊಂಡರು. ರೇಣುಕ ತಟ್ಟೆಯ ಮುಂದೆ ಕೂತು, ಎರಡು ತುತ್ತು ತಿಂದು ಏಳುತ್ತಿದ್ದಳು. ನಾನು ನೋಡುತ್ತಿದ್ದೆ. ನೋಡದೆ ಇರಲು ಬೇರೆ ಜಾಗವಿರಲಿಲ್ಲ.

ಐದನೆಯ ದಿನ ಬುಟ್ಟಿಯಲ್ಲಿ ನಾಲ್ಕು ಬಿಳಿಗೆಡ್ಡೆ ಇದ್ದವು, ಒಂದೊಂದೂ ನಿಂಬೆಗಾತ್ರ. ಮಾದು ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ತಂದ. ಅವನ ಬಲ ಹೆಬ್ಬೆರಳಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಯಾರಿಗೂ ಕೊಡದೆ ತಾನೇ ಸಿಪ್ಪೆ ಹೆರೆದ, ಅರ್ಧ ತಿರುಳೂ ಸಿಪ್ಪೆಯ ಜೊತೆಗೆ ಹೋಯಿತು. ಅಮ್ಮ ಹುಳಿ ಮಾಡಿದಳು. ಮೂವರಿಗೆ ಬಡಿಸಿ ನನ್ನ ತಟ್ಟೆಗೆ ಬರುವಾಗ ಸೌಟನ್ನು ತಡೆದು ಅವನ ಮುಖ ನೋಡಿದಳು. ಹೊಲ ಅವನದು, ಹೇಳಬೇಕಾದವನು ಅವನು. ಅವನು ಅನ್ನ ಕಲಸುತ್ತಲೇ, "ಹಾಕಮ್ಮ, ಹೊರಟವ್ಳು" ಎಂದ. ಎರಡು ಹೋಳು ಬಿದ್ದವು. ಬೆಂದಿರಲಿಲ್ಲ.

ಮೂವತ್ತನೇ ತಾರೀಖು ಬೆಳಿಗ್ಗೆಯ ಬಸ್ಸಿಗೆ ಹೊರಟೆ. ಮಾದು ಡ್ಯೂಟಿಯ ಮೇಲಿದ್ದ, ಬಸ್ಸಿನ ನಂಬರು ಬರೆದುಕೊಳ್ಳುವಾಗ ಪೆನ್ನನ್ನು ಹೆಬ್ಬೆರಳು ತಾಗದಂತೆ ಬೇರೆ ಬೆರಳುಗಳ ನಡುವೆ ಹಿಡಿದಿದ್ದ. ಟಿಕೆಟ್ಟಿಗೆ ಎಷ್ಟು ಬೇಕೆಂದು ಕೇಳಲಿಲ್ಲ, ಕಿಟಕಿಯ ಪಕ್ಕದ ಸೀಟಿನಲ್ಲಿದ್ದ ಒಬ್ಬನನ್ನು ಎಬ್ಬಿಸಿ ನನ್ನನ್ನು ಕೂರಿಸಿದ. ರೇಣುಕ ಮನೆಯ ಬಾಗಿಲಿನ ತನಕ ಬಂದಿದ್ದಳು. ಅವಳು ಹೇಳಿದ್ದು ಇಷ್ಟು: "ಮಗೂನ ನೋಡೋಕೆ ಬಾ. ಊಟಕ್ಕೆ ನಿಲ್ಬೇಡ."

ಚೆಕ್‌ಪೋಸ್ಟ್ ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಹೊಲಗಳು. ಯಾರೋ ಒಬ್ಬ ಹೆಂಗಸು ಸೀರೆ ಎತ್ತಿ ಕಟ್ಟಿಕೊಂಡು ಬದನೆ ಗಿಡಗಳಿಗೆ ಬಿಂದಿಗೆಯಲ್ಲಿ ನೀರು ಹೊಯ್ಯುತ್ತಿದ್ದಳು, ಒಂದು ಗಿಡ, ಆಮೇಲೆ ಇನ್ನೊಂದು. ನಾನು ಕಿಟಕಿಯ ಗಾಜು ಏರಿಸಿ ನಿದ್ದೆ ಮಾಡಿದೆ.